ಒಂದು ಸವತಿಕಾಯಿಯ ಲೆಕ್ಕ

ಡಿಸೆಂಬರ್ 26, 2019. ಗುರುವಾರ. ಬೆಳಿಗ್ಗೆ ಆರಕ್ಕೇ ಅವ್ವ ನನ್ನನ್ನು ಎಬ್ಬಿಸಿದಳು. ಒಂದು ಲೋಟ ಬಿಸಿ ಹಾಲು, ಎರಡು ಸಜ್ಜೆ ರೊಟ್ಟಿ, ಹಿಂದಿನ ದಿನ ಉಳಿದಿದ್ದ ಎಣ್ಣೆಗಾಯಿ ಮುಂದಿಟ್ಟಳು. “ಎಂಟರೊಳಗ ಏನ್ ತಿಂತಿ ತಿಂದ್ಬಿಡು. ಆಮ್ಯಾಲೆ ಗ್ರಾಣ ಬಿಡೋ ತನಕ ಒಂದು ಹನಿ ನೀರೂ ಇಲ್ಲ” ಅಂದಳು.

ಆಗ ನನಗೆ ಎಂಟನೇ ತಿಂಗಳು ನಡೀತಿತ್ತು. ಚೊಚ್ಚಲು. ಗದಗಿನ ತವರುಮನೆಗೆ ಬಂದು ಹದಿನೈದು ದಿನ ಆಗಿತ್ತು. ಅವತ್ತು ಸೂರ್ಯಗ್ರಹಣ. ಬೆಳಿಗ್ಗೆ ಎಂಟು ಗಂಟೆ ದಾಟಿದ ಮೇಲೆ ಹಿಡಿದು ಹನ್ನೊಂದರ ಸುಮಾರಿಗೆ ಬಿಡುವ ಗ್ರಹಣ. ಮಂಗಳೂರು, ಕೊಡಗಿನ ಕಡೆ ಅದು ಕಂಕಣ ಗ್ರಹಣ. ಅಲ್ಲಿ ಚಂದ್ರ ಸೂರ್ಯನ ನಟ್ಟನಡುವೆ ಬಂದು, ಸುತ್ತ ಬಳೆಯಂಥ ಬೆಳಕು ಮಾತ್ರ ಉಳಿಯುತ್ತದೆ. ನಮ್ಮ ಗದಗಿನಲ್ಲಿ ಪಾರ್ಶ್ವ ಗ್ರಹಣ, ಆದರೂ ಸೂರ್ಯನ ದೊಡ್ಡ ಪಾಲು ಮುಚ್ಚುವುದಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಚೆಂಡು, ಬ್ಯಾಟರಿ ಹಿಡಿದುಕೊಂಡು ಪ್ರತಿ ವರ್ಷ ಗ್ರಹಣದ ಪಾಠ ಮಾಡುತ್ತೇನೆ. ರಜೆ ಹಾಕುವ ಮುಂಚೆ ಮಕ್ಕಳಿಗೆಲ್ಲ ಗ್ರಹಣದ ಕನ್ನಡಕ ತರಿಸಿಕೊಟ್ಟು, ಬರಿಗಣ್ಣಲ್ಲಿ ನೋಡಬೇಡಿ, ಕನ್ನಡಕ ಇಲ್ಲದಿದ್ದರೆ ರಟ್ಟಿಗೆ ತೂತು ಹಾಕಿ ನೆಲದ ಮೇಲೆ ನೋಡಿ ಅಂತ ಹೇಳಿ ಬಂದಿದ್ದೆ. ಒಂದು ಕನ್ನಡಕ ನನ್ನ ಚೀಲದಲ್ಲೂ ಇತ್ತು. ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಬೇಕು ಅನ್ನುವ ಆಸೆ ಇತ್ತು.

ಅವ್ವ ಬಿಡಲಿಲ್ಲ. ಬೈದಿದ್ದರೆ ನಾನೂ ವಾದ ಮಾಡುತ್ತಿದ್ದೆ. ಆಕೆ ಬೈಯಲಿಲ್ಲ. ನನ್ನ ಮುಂಗೈ ಹಿಡಿದಳು. ಆ ಕೈ ಸಣ್ಣಗೆ ನಡುಗುತ್ತಿತ್ತು. “ಇದೊಂದು ದಿನ ನನ್ನ ಮಾತು ಕೇಳವಾ. ಕೂಸು ಕೈಗೆ ಬಂದ್ ಮ್ಯಾಲೆ ನಿನಗ ಹೆಂಗ ಬೇಕೋ ಹಂಗ ಇರು” ಅಂದಳು.

ನಾನು ಐದನೇ ತಿಂಗಳಲ್ಲಿ ಮಾಡಿಸಿದ್ದ ಸ್ಕ್ಯಾನಿಂಗ್ ರಿಪೋರ್ಟು ತೆಗೆದು ತೋರಿಸಿದೆ. ತುಟಿ, ಮೂಗು, ಬೆನ್ನುಮೂಳೆ, ಹೃದಯ ಎಲ್ಲ ಸರಿ ಇದೆ ಅಂತ ಅದರಲ್ಲಿ ಬರೆದಿತ್ತು. ಅವ್ವ ಅದನ್ನು ಮುಟ್ಟಲೂ ಇಲ್ಲ. “ಸ್ಕ್ಯಾನಿಂಗ್ ಆಗಿ ಮೂರು ತಿಂಗಳ ಆತು. ಗ್ರಾಣ ಬಂದಿದ್ದು ಈಗಲ್ಲೇನು?” ಅಂದಳು.

ಈ ಮಾತಿಗೆ ಆ ಹೊತ್ತಲ್ಲಿ ನನ್ನ ಬಳಿ ಉತ್ತರ ಇರಲಿಲ್ಲ. ಸುಮ್ನೆ ಎದ್ದು ಮೂಡಣ ಕೋಣೆಗೆ ಹೋದೆ.

ನಿಯಮಗಳು ನನಗೆ ಗೊತ್ತಿದ್ದವೇ. ಚಾಕು, ಈಳಿಗೆ, ಕತ್ತರಿ ಮುಟ್ಟಬಾರದು. ಸೂಜಿ, ಪಿನ್ನು ಹಿಡಿಯಬಾರದು. ಕೈಕಾಲು ಮಡಚಿ ಮಲಗಬಾರದು, ನೆಟ್ಟಗೆ ಮಲಗಬೇಕು. ಬಿಸಿಲು ಮೈಮೇಲೆ ಬೀಳಬಾರದು. ಬಸುರಿ ಏನಾದರೂ ಹೆಚ್ಚಿದರೆ ಕೂಸಿನ ತುಟಿ ಸೀಳುತ್ತದೆ. ಅವ್ವ ಕಿಟಕಿಯ ಹಲಗೆ ಕದ ಎರಡೂ ಮುಚ್ಚಿ, ಸಂದಿಗೆ ಹಳೇ ಧೋತರದ ತುಂಡು ತುರುಕಿದಳು. ನೀರಿನ ಕೊಡಕ್ಕೆ, ಹಾಲು ಮೊಸರಿಗೆ, ಉಪ್ಪಿನಕಾಯಿ ಭರಣಿಗೆ ಆಗಲೇ ಒಂದೊಂದು ಎಸಳು ಕರಕಿ ಹಾಕಿಯಾಗಿತ್ತು. ಪಡಸಾಲೆಯಲ್ಲಿ ಟಿವಿ ಓಡುತ್ತಿತ್ತು. ಧನು ರಾಶಿಯಲ್ಲಿ ಆರು ಗ್ರಹ ಒಟ್ಟಿಗೆ ಸೇರಿವೆ, ಬಸುರಿಯರು ಹುಷಾರು ಅಂತ ಜ್ಯೋತಿಷಿಯೊಬ್ಬರು ಹೇಳುತ್ತಿದ್ದರು. ಪಕ್ಕದ ಮನೆಯ ಅಂಗಳದಲ್ಲಿ ತಾಟಿಗೆ ನೀರು ಹಾಕಿ ಒನಕೆ ನಿಲ್ಲಿಸಿದ್ದರು. ಅದು ನೆಟ್ಟಗೆ ನಿಂತಿದೆ ಅಂತ ಮಕ್ಕಳು ಕೂಗಿದ್ದು ಕೇಳಿಸಿತು. ಬುಡ ಸಮ ಇರುವ ಒನಕೆ ಯಾವ ದಿನ ನಿಲ್ಲಿಸಿದರೂ ನಿಲ್ಲುತ್ತದೆ. ಬೇರೆ ದಿನ ಯಾರೂ ನಿಲ್ಲಿಸಿ ನೋಡುವುದಿಲ್ಲ, ಅಷ್ಟೇ.

ಅವತ್ತು ಎಳ್ಳ ಅಮಾವಾಸ್ಯೆ ಕೂಡ. ಅಮಾವಾಸ್ಯೆ ಬುಧವಾರವೇ ಹಿಡಿದಿತ್ತು. ಗ್ರಹಣದ ದಿನ ಹೊಲಕ್ಕೆ ಹೋಗುವುದು ಬೇಡ ಅಂತ ನಮ್ಮ ಮನೆಯಲ್ಲಿ ಚರಗ ಹಿಂದಿನ ದಿನವೇ ಮುಗಿಸಿದ್ದರು. ನಾನೂ ಹೋಗಿದ್ದೆ. ಹಿಂಗಾರಿ ಜೋಳ ಎದೆಯುದ್ದ ನಿಂತಿತ್ತು, ಕಡಲೆ ಹೂವಾಗಿತ್ತು. ಬನ್ನಿ ಗಿಡದ ಬುಡಕ್ಕೆ ಪೂಜೆ ಮಾಡಿ, ಅಪ್ಪ ಸಜ್ಜೆ ಕಡುಬು, ರೊಟ್ಟಿ, ಪಲ್ಯ ಎಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತ ನಡೆದರು. ಪೈರು ಹೊತ್ತ ಭೂಮಿ ಬಸುರಿ, ಅವಳಿಗೆ ಬಯಕೆ ಊಟ ಕೊಡಬೇಕು ಅನ್ನುವುದು ನಮ್ಮ ಕಡೆಯ ನಂಬಿಕೆ. ನನಗೆ ಈ ಹಬ್ಬ ಅಂದರೆ ಜೀವ. ಚರಗ ಚೆಲ್ಲಿದರೆ ಹಕ್ಕಿ ಬಂದು ಹುಳ ತಿನ್ನುತ್ತವೆ, ಇದರಲ್ಲೂ ವಿಜ್ಞಾನ ಇದೆ ಅಂತ ಕೆಲವರು ಹೇಳುತ್ತಾರೆ. ಅಂಥ ಸಮರ್ಥನೆ ಅದಕ್ಕೆ ಬೇಕಾಗಿಲ್ಲ ಅನ್ನಿಸುತ್ತದೆ ನನಗೆ. ವರ್ಷಕ್ಕೊಂದು ಸಲ ಮನೆಮಂದಿಯೆಲ್ಲ ಹೊಲದಲ್ಲಿ ಕೂತು, ಅನ್ನ ಕೊಟ್ಟ ನೆಲಕ್ಕೆ ಮೊದಲ ತುತ್ತು ಕೊಟ್ಟು ಉಣ್ಣುವುದು ಚೆಂದ. ಅದರಿಂದ ಯಾರಿಗೂ ನೋವಿಲ್ಲ.

ಆದರೆ ಕತ್ತಲ ಕೋಣೆಯಲ್ಲಿ ಕೂತಾಗ ಒಂದು ಮಾತು ಹೊಳೆಯಿತು. ನಿನ್ನೆ ಬಸುರಿ ಭೂಮಿಗೆ ಹೊಟ್ಟೆತುಂಬ ಉಣಿಸಿ ಬಂದ ನನ್ನ ಅವ್ವ, ಇವತ್ತು ಬಸುರಿ ಮಗಳಿಗೆ ಒಂದು ಗುಟುಕು ನೀರು ಕೊಡಲು ಹೆದರುತ್ತಿದ್ದಾಳೆ. ಎರಡನ್ನೂ ಮಾಡುತ್ತಿರುವುದು ಅದೇ ಕಕ್ಕುಲಾತಿ. ಒಂದು ಕಡೆ ಅದು ಕೊಡುತ್ತದೆ, ಇನ್ನೊಂದು ಕಡೆ ಕಟ್ಟಿಹಾಕುತ್ತದೆ. ಎಲ್ಲಿ ತಿರುಗಿಕೊಳ್ಳುತ್ತದೆ ಇದು?

ಮಂಚದ ಮೇಲೆ ಅರ್ಧ ಹೊಲಿದ ಕೌದಿ ಇತ್ತು. ಕೂಸಿಗೆ ಅಂತ ಅವ್ವನ ಹಳೇ ಇಳಕಲ್ ಸೀರೆ ಹರಿದು, ಚಿಗವ್ವ ಹೊಲಿಯುತ್ತಿದ್ದ ಪುಟ್ಟ ಕೌದಿ. ದಾರ ಪೋಣಿಸಿದ ಸೂಜಿ ಅದಕ್ಕೇ ಚುಚ್ಚಿ ಇಟ್ಟಿತ್ತು, ತೆಗೆಯಲು ಮರೆತಿದ್ದರು. ಹೊತ್ತು ಹೋಗಲಿ ಅಂತ ನಾಲ್ಕು ಹೊಲಿಗೆ ಹಾಕೋಣ ಅಂದುಕೊಂಡೆ. ಸೂಜಿ ಕೈಗೆ ತೆಗೆದುಕೊಂಡೆ. ಬಟ್ಟೆಯ ಹತ್ತಿರ ತಂದೆ. ಚುಚ್ಚಲು ಆಗಲಿಲ್ಲ.

ಇದನ್ನು ಬರೆಯಲೇಬೇಕು. ಯಾಕೆಂದರೆ ಅವತ್ತಿನಿಂದ ಮೂಢನಂಬಿಕೆಯ ಬಗ್ಗೆ ನಾನು ಮಾತಾಡುವ ರೀತಿಯೇ ಬದಲಾಯಿತು. ಆ ಸೂಜಿಯಿಂದ ನನ್ನ ಕೂಸಿಗೆ ಏನೂ ಆಗುವುದಿಲ್ಲ ಅಂತ ನನಗೆ ನೂರಕ್ಕೆ ನೂರು ಗೊತ್ತಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ. ತಲೆ ತನ್ನ ಪಾಡಿಗೆ ಲೆಕ್ಕ ಹಾಕುತ್ತಿತ್ತು. ಹೊಲಿಯದಿದ್ದರೆ ಹೋಗುವುದೇನು? ನಾಲ್ಕು ಹೊಲಿಗೆ. ಹೊಲಿದು, ನಾಳೆ ಕೂಸಿಗೆ ಏನಾದರೂ ಆದರೆ? ಆ ‘ಆದರೆ’ಗೆ ನಾನು ಜೀವನವಿಡೀ ಉತ್ತರ ಕೊಡಬೇಕು. ಅವ್ವನಿಗೆ, ಅತ್ತೆಗೆ, ಎಲ್ಲಕ್ಕಿಂತ ಜಾಸ್ತಿ ನನಗೇ. ಪಾಠ ಮಾಡುವಾಗ ನಾವು ಈ ಮಾತು ಹೇಳುವುದೇ ಇಲ್ಲ. ತಿಳಿವಳಿಕೆ ಇಲ್ಲದವರು ನಂಬುತ್ತಾರೆ ಅಂತ ಹೇಳಿ ಮುಗಿಸುತ್ತೇವೆ. ಅವತ್ತು ಆ ಕೋಣೆಯಲ್ಲಿ ತಿಳಿವಳಿಕೆಗೇನೂ ಕೊರತೆ ಇರಲಿಲ್ಲ.

ಕಾಲೇಜಿನಲ್ಲಿ ಓದಿದ್ದು ನೆನಪಾಯಿತು. ಮಾಲಿನೋವ್ಸ್ಕಿ ಅನ್ನುವ ಮಾನವಶಾಸ್ತ್ರಜ್ಞರು ನೂರು ವರ್ಷದ ಹಿಂದೆ ಪೆಸಿಫಿಕ್ ಸಾಗರದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಇದ್ದು ಅಲ್ಲಿನ ಜನರ ಬದುಕು ನೋಡಿದ್ದರು. ದಡದ ಒಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಅಲ್ಲಿನವರು ಮಂತ್ರ ಮಾಟ ಏನೂ ಮಾಡುತ್ತಿರಲಿಲ್ಲ. ಅಲ್ಲಿ ತಮ್ಮ ಕೈಚಳಕ ಸಾಕು. ತೆರೆದ ಕಡಲಿಗೆ ಹೋಗುವಾಗ ಮಾತ್ರ ಹತ್ತಾರು ವಿಧಿಗಳು. ಅಲ್ಲಿ ಅಲೆ, ಗಾಳಿ, ಮೀನು ಯಾವುದೂ ತಮ್ಮ ಕೈಯಲ್ಲಿಲ್ಲ. ನಮ್ಮ ಅವ್ವನೂ ಹಾಗೇ ಅಲ್ವಾ? ರೊಟ್ಟಿ ಬಡಿಯುವಾಗ ಆಕೆ ಯಾವ ಶಕುನವನ್ನೂ ನೋಡುವುದಿಲ್ಲ. ಹಿಟ್ಟು, ನೀರು, ಬೆಂಕಿ ಮೂರೂ ಆಕೆಯ ಮಾತು ಕೇಳುತ್ತವೆ. ಹೊಟ್ಟೆಯೊಳಗಿನ ಕೂಸು ಯಾರ ಮಾತು ಕೇಳುತ್ತದೆ? ಬಸುರಿ ಇರುವ ಮನೆಯೇ ತೆರೆದ ಕಡಲು.

ಹೀಗೆ ಕೂತಿದ್ದಾಗಲೇ ಅದು ಕಾಣಿಸಿತು. ಕೌದಿಯ ಮೇಲೆ, ನನ್ನ ಮಡಿಲ ಹತ್ತಿರ, ಎಂಟಾಣೆಯಷ್ಟು ಅಗಲದ ಬೆಳಕು. ದುಂಡಗಿರಲಿಲ್ಲ. ಬಿದಿಗೆ ಚಂದ್ರನ ಹಾಗೆ ಬಾಗಿದ ಕುಡುಗೋಲು. ನಾನು ತಲೆಯೆತ್ತಿ ನೋಡಿದೆ. ಕಿಟಕಿಯ ಹಲಗೆಯಲ್ಲಿ ಹಳೆಯ ಚಿಲಕ ಕಿತ್ತ ಜಾಗದಲ್ಲಿ ಮೊಳೆಯ ತೂತೊಂದು ಉಳಿದಿತ್ತು. ಅವ್ವ ಸಂದಿ ಮುಚ್ಚಿದ್ದಳು, ತೂತು ನೋಡಿರಲಿಲ್ಲ. ಮಕ್ಕಳಿಗೆ ನಾನು ರಟ್ಟಿನಲ್ಲಿ ಮಾಡಿ ತೋರಿಸುವುದನ್ನೇ ಇಡೀ ಕೋಣೆ ಮಾಡುತ್ತಿತ್ತು. ಕತ್ತಲು ಚೆನ್ನಾಗಿದ್ದುದರಿಂದಲೇ ಅಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಗ್ರಹಣ ತಾನಾಗಿಯೇ ನನ್ನ ಮಡಿಲಿಗೆ ಬಂದಿತ್ತು.

ಅದೇ ಹೊತ್ತಿಗೆ ಚಿಗವ್ವ ಬಾಗಿಲು ಸರಿಸಿ ಒಳಗೆ ಬಂದಳು. ನನ್ನ ಅವ್ವನ ತಂಗಿ. ಬೆಟಗೇರಿಯಲ್ಲಿ ಆಕೆಯ ಮನೆ. ಬಾಣಂತನಕ್ಕೆ ಕೈಗೂಡಿಸಲು ಆ ವಾರ ನಮ್ಮಲ್ಲೇ ಇದ್ದಳು. “ಒಬ್ಬಾಕಿನ ಬ್ಯಾಸರ ಆಕ್ಕೈತಿ ಅಂತ ಬಂದೆ” ಅಂದವಳು ಮಂಚದ ಮೇಲಿನ ಬೆಳಕು ನೋಡಿ ನಿಂತುಬಿಟ್ಟಳು.

“ಅದೇನದು?”

“ಸೂರ್ಯ, ಚಿಗವ್ವ. ಗ್ರಹಣ ಹಿಡಿದ ಸೂರ್ಯ. ತೂತಿನಿಂದ ಬಿದ್ದೈತಿ.”

ಚಿಗವ್ವ ಧಡಕ್ಕನೆ ಬಂದು ಕೌದಿಯನ್ನು ನನ್ನ ಮಡಿಲಿಂದ ಜಗ್ಗಿ ಆಚೆ ಎಳೆದಳು. ಸೂಜಿ ನೆಲಕ್ಕೆ ಬಿತ್ತು. ಆಕೆಯ ಮುಖ ಬಿಳಿಚಿಕೊಂಡಿತ್ತು. ಹೊಟ್ಟೆಯ ಮೇಲೆ ಸೆರಗು ಹೊದಿಸಿ, ಬೆಳಕಿಗೂ ನನಗೂ ನಡುವೆ ತಾನೇ ಅಡ್ಡ ಕೂತಳು. ಆ ಕುಡುಗೋಲು ಈಗ ಆಕೆಯ ಬೆನ್ನ ಮೇಲೆ ಬಿದ್ದಿರಬೇಕು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಆಕೆಯೇ ಶುರು ಮಾಡಿದಳು.

1980ರ ಫೆಬ್ರವರಿ 16ರ ಸಂಪೂರ್ಣ ಸೂರ್ಯಗ್ರಹಣದ ಪಟ್ಟಿ ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾದು ಹೋಗಿತ್ತು. ಅದನ್ನು ನೋಡಲು ದೇಶ ವಿದೇಶದ ವಿಜ್ಞಾನಿಗಳು ಬಂದಿದ್ದರು. ಹೈದರಾಬಾದ್ ಹತ್ತಿರದ ಜಪಾಲ್-ರಂಗಾಪುರದಲ್ಲಿ ದೊಡ್ಡ ತಂಡವೇ ಕೂತಿತ್ತು. ನಾನು ಇದನ್ನೆಲ್ಲ ಓದಿ ತಿಳಿದವಳು. ಗದಗಿನಲ್ಲೇ ಇದ್ದ ಚಿಗವ್ವ ಅವತ್ತು ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದಳು. ಇಪ್ಪತ್ತು ವರ್ಷ. ಹೊಟ್ಟೆಯಲ್ಲಿ ಮೊದಲ ಕೂಸು, ಐದು ತಿಂಗಳು ನಡೀತಿತ್ತು. ಬೆಳಿಗ್ಗೆಯಿಂದ ಏನೂ ತಿನ್ನಲು ಕೊಟ್ಟಿರಲಿಲ್ಲ. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಒಮ್ಮೆಲೇ ಕತ್ತಲಾಯಿತು. ಕೋಳಿ ಗೂಡಿಗೆ ಬಂದವು. ಓಣಿ ಪೂರ್ತಿ ಗಪ್‌ಚಿಪ್. ಎರಡು ನಿಮಿಷಕ್ಕೂ ಜಾಸ್ತಿ ಹೊತ್ತು ಹಾಗೇ ಇತ್ತು. ಆಮೇಲೆ ಬೆಳಕು ಬಂತು.

“ಬೆಳಕು ಬಂತಲ್ಲ, ಗ್ರಾಣ ಬಿಡ್ತು ಅನಕೊಂಡೆ ನಾನು. ಹೊಟ್ಟಿ ಅನ್ನೂದು ಸಂಕಟ ಹಚ್ಚಿತ್ತು. ಮಾವ ತೋಟದಿಂದ ತಂದ ಎಳೆ ಸವತಿಕಾಯಿ ಬುಟ್ಟ್ಯಾಗಿದ್ವು. ಒಂದು ತಗೊಂಡು ಈಳಿಗಿ ಮ್ಯಾಲೆ ಹೆಚ್ಚಿದೆ. ಎರಡು ಹೋಳು ಬಾಯಾಗ ಹಾಕ್ಕೊಂಡಿದ್ದೆ. ಅತ್ತಿ ಬಂದು ನೋಡಿದ್ಲು.”

ಕತ್ತಲು ಕಳೆದರೂ ಗ್ರಹಣ ಪೂರ್ತಿ ಬಿಡಲು ಇನ್ನೂ ಒಂದು ತಾಸಿನ ಮೇಲೆ ಬೇಕಿತ್ತು. ಅದು ಆಕೆಗೆ ಗೊತ್ತಿರಲಿಲ್ಲ.

ಮಗು ಹುಟ್ಟಿತು. ಗಂಡು. ಮೇಲಿನ ತುಟಿ ಮೂಗಿನ ತನಕ ಸೀಳಿತ್ತು. ಎದೆಗೆ ಹಚ್ಚಿದರೆ ಹಾಲು ಎಳೆಯಲು ಆಗುತ್ತಿರಲಿಲ್ಲ. ಹಾಲು ಹಿಂಡಿ ಒಳಲೆಯಲ್ಲಿ ಹನಿಹನಿ ಹಾಕುತ್ತಿದ್ದಳು, ಮೂಗಿನಿಂದ ಹೊರಗೆ ಬರುತ್ತಿತ್ತು. ಬಾಣಂತಿ ಕೋಣೆಯಲ್ಲಿ ಕೂಸು ನೋಡಲು ಬಂದವರಿಗೆಲ್ಲ ಅತ್ತೆ ಸವತಿಕಾಯಿಯ ಕಥೆ ಹೇಳುತ್ತಿದ್ದಳು. ಆ ಅಣ್ಣನನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಏಳನೇ ವರ್ಷಕ್ಕೆ ಆಪರೇಷನ್ ಆಯಿತು. ಈಗ ಮೀಸೆಯ ಕೆಳಗೆ ಸಣ್ಣದೊಂದು ಗೆರೆ ಇದೆ ಅಷ್ಟೇ. ಶಾಲೆಯಲ್ಲಿ ಹುಡುಗರು “ಗ್ರಾಣ ಹಿಡದಾವ” ಅಂತ ಕರೆಯುತ್ತಿದ್ದರಂತೆ. ಆತ ಅಳುತ್ತ ಮನೆಗೆ ಬಂದಾಗಲೆಲ್ಲ ಚಿಗವ್ವ ದೇವರ ಮುಂದೆ ಕೂತು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದಳಂತೆ.

“ಇನ್ನೊಂದು ತಾಸು ತಡಕೊಂಡಿದ್ರ ಆಗತಿತ್ತು. ಒಂದ ತಾಸು” ಅಂದಳು. ಇದನ್ನು ಹೇಳುವಾಗ ಆಕೆಯ ದನಿಯಲ್ಲಿ ಅಳು ಇರಲಿಲ್ಲ. ಎಷ್ಟೋ ಸಾವಿರ ಸಲ ತನಗೆ ತಾನೇ ಹೇಳಿಕೊಂಡು ಸವೆದುಹೋದ ಮಾತು ಅದು.

ಅವ್ವನ ಕೈ ಯಾಕೆ ನಡುಗಿತು ಅಂತ ನನಗೆ ಆಗ ಅರ್ಥವಾಯಿತು. ಆಕೆ ಪಂಚಾಂಗ ಓದಿಯೋ, ಟಿವಿ ನೋಡಿಯೋ ಹೆದರಿದವಳಲ್ಲ. ತನ್ನ ಬೆನ್ನಿಗೆ ಬಿದ್ದ ತಂಗಿಯ ಕೂಸನ್ನು ಕಣ್ಣಾರೆ ನೋಡಿದವಳು. ಆಕೆಯ ಮಟ್ಟಿಗೆ ಅದು ನಂಬಿಕೆಯೇ ಅಲ್ಲ, ಸಾಕ್ಷಿ. ಅವತ್ತು ಗದಗಿನಲ್ಲಿ ಇನ್ನೆಷ್ಟು ಬಸುರಿಯರು ತಿಳಿಯದೆ ಏನೇನು ಹೆಚ್ಚಿದ್ದರೋ, ಅವರ ಕೂಸುಗಳು ಚೆನ್ನಾಗಿ ಹುಟ್ಟಿದ್ದಕ್ಕೆ ಯಾರು ಕಥೆ ಹೇಳುತ್ತಾರೆ? ಎಷ್ಟೋ ತಾಯಂದಿರು ಮೂರು ತಾಸು ನೆಟ್ಟಗೆ ಮಲಗಿಯೂ ಸೀಳು ತುಟಿಯ ಕೂಸು ಹೆತ್ತಿರಬೇಕು. ಜಗತ್ತಿನಲ್ಲಿ ಹೆಚ್ಚೂಕಡಿಮೆ 700 ಕೂಸುಗಳಲ್ಲಿ ಒಂದಕ್ಕೆ ತುಟಿಯೋ ಬಾಯೊಳಗಿನ ಅಂಗುಳವೋ ಸೀಳಿರುತ್ತದೆ. ಗ್ರಹಣ ಇರಲಿ, ಬಿಡಲಿ. ಆದರೆ ಹೊಂದಿಕೊಂಡ ಒಂದು ಕಥೆ ಮಾತ್ರ ಓಣಿಯಲ್ಲಿ ಉಳಿಯುತ್ತದೆ, ಹೊಂದದ ನೂರು ಎಲ್ಲೋ ಹೋಗಿಬಿಡುತ್ತವೆ.

ಇದನ್ನೆಲ್ಲ ಚಿಗವ್ವನಿಗೆ ಹೇಳಿದರೆ ಏನೂ ಆಗುತ್ತಿರಲಿಲ್ಲ. 700ರ ಲೆಕ್ಕ ಆಕೆಗೆ ಬೇಕಿರಲಿಲ್ಲ. ತನ್ನ ಒಂದರ ಲೆಕ್ಕ ಬೇಕಿತ್ತು. ನಾನು ಬೇರೆ ಲೆಕ್ಕ ಶುರು ಮಾಡಿದೆ.

“ಚಿಗವ್ವ, ಅಣ್ಣ ಹುಟ್ಟಿದ್ದು ಯಾವಾಗ?”

“ಮಣ್ಣೆತ್ತಿನ ಅಮಾಸಿ ಎರಡು ದಿನ ಇತ್ತು. ಎತ್ತು ಮಾಡಾಕ ಮಾವ ಮಣ್ಣು ತಂದಿದ್ದ.”

“ದಿನ ತುಂಬಿದ್ವಾ?”

“ತುಂಬಿದ್ವು.”

“ಮುಟ್ಟು ನಿಂತಿದ್ದು?”

ಬೆರಳು ಮಡಚುತ್ತ ನೆನಪು ಮಾಡಿಕೊಂಡಳು. “ದಸರಾ ಆದ್ ಮ್ಯಾಲೆ ಒಮ್ಮೆ ಆಗಿದ್ದೆ. ದೀಪಾವಳಿ ಆದ್ ಮ್ಯಾಲೆ ಆಗಲಿಲ್ಲ.”

ಫೋನಿನಲ್ಲಿ ಹಳೆಯ ಪಂಚಾಂಗ ತೆಗೆದೆ. 1980ರಲ್ಲಿ ಅಧಿಕ ಜ್ಯೇಷ್ಠ ಬಂದಿತ್ತು. ಅದನ್ನೂ ಸೇರಿಸಿಕೊಂಡರೆ ದೀಪಾವಳಿ ಅಮಾವಾಸ್ಯೆಯಿಂದ ಮಣ್ಣೆತ್ತಿನ ಅಮಾವಾಸ್ಯೆಗೆ ಸರಿಯಾಗಿ ಒಂಬತ್ತು ಅಮಾವಾಸ್ಯೆ. ಗರ್ಭ ನಿಂತಿದ್ದು ದೀಪಾವಳಿಯ ಎಡಬಲದಲ್ಲಿ. ಕೂಸಿನ ಮುಖ ಮೊದಲು ಬೇರೆ ಬೇರೆ ತುಣುಕಾಗಿ ಬೆಳೆಯುತ್ತದೆ. ಎಡ ಬಲದಿಂದ ಬಂದ ತುಣುಕುಗಳು ನಡುವಿನದಕ್ಕೆ ಬಂದು ಕೂಡಿಕೊಂಡು ಮೇಲ್ದುಟಿ ಆಗುತ್ತದೆ. ಈ ಕೂಡುವ ಕೆಲಸ ಗರ್ಭ ನಿಂತು ಏಳು ವಾರದ ಒಳಗೆ ಮುಗಿಯುತ್ತದೆ. ಆಗ ಕೂಡದಿದ್ದರೆ ಸೀಳು ಉಳಿಯುತ್ತದೆ. ಒಮ್ಮೆ ಕೂಡಿದ ಮೇಲೆ ಗ್ರಹಣ ಬಂತು, ಈಳಿಗೆ ಮುಟ್ಟಿದರು ಅಂತ ಅದು ಮತ್ತೆ ಬಿಚ್ಚುವುದಿಲ್ಲ.

“ಆ ವರ್ಷ ಎಳ್ಳ ಅಮಾಸಿಗೆ ನೀ ಹೊಲಕ್ಕ ಹೋಗಿದ್ದೇನು ಚಿಗವ್ವ?”

“ಹೋಗಿದ್ನಲ್ಲ. ಚಕ್ಕಡ್ಯಾಗ. ಕುಲುಕಿದ್ರ ಹೊಟ್ಟ್ಯಾಗ ತೊಳಿಸಿದಂಗ ಆಗತಿತ್ತು. ಯಾರಿಗೂ ಇನ್ನೂ ಹೇಳಿದ್ದಿಲ್ಲ.”

“ನೀ ಆ ಚಕ್ಕಡಿ ಹತ್ತೂದ್ರಾಗ ಅಣ್ಣನ ತುಟಿ ಏನಾಗಬೇಕಿತ್ತೋ ಆಗಿಬಿಟ್ಟಿತ್ತು. ಅದಾಗಿ ಎರಡನೇ ಅಮಾಸಿಗೆ ಗ್ರಾಣ ಬಂತು. ನೀ ಸವತಿಕಾಯಿ ಹೆಚ್ಚೂದಕ್ಕ ಎರಡು ತಿಂಗಳ ಮುಂಚೇನ ಅದು ಹಂಗ ಇತ್ತು. ನಿನಗ ಕಾಣಲಿಲ್ಲ, ಅಷ್ಟ.”

ಚಿಗವ್ವ ಬೆರಳು ಮಡಚಿದಳು. ದೀಪಾವಳಿ. ಗೌರಿ ಹುಣ್ಣಿಮೆ. ಎಳ್ಳ ಅಮಾಸಿ. ಸಂಕ್ರಾಂತಿ. ಶಿವರಾತ್ರಿ. ಗ್ರಾಣ. ಮತ್ತೆ ಮೊದಲಿಂದ ಎಣಿಸಿದಳು. ಮೂರು ಸಲ ಎಣಿಸಿದಳು. ಪುಸ್ತಕದ ಮಾತು ಸುಳ್ಳಿರಬಹುದು, ಹಬ್ಬದ ಲೆಕ್ಕ ಸುಳ್ಳಾಗುವುದಿಲ್ಲ ಅನ್ನುವ ಹಾಗೆ.

“ಹಂಗಾದ್ರ ನಂದೇನೂ ತಪ್ಪಿದ್ದಿಲ್ಲೇನು?” ಅಂದಳು. ಬಹಳ ಸಣ್ಣ ದನಿಯಲ್ಲಿ.

“ಇಲ್ಲ ಚಿಗವ್ವ.”

ಆಕೆ ಹಗುರಾಗುತ್ತಾಳೆ, ಅಳುತ್ತಾಳೆ, ನನ್ನನ್ನು ಅಪ್ಪಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಆಕೆ ಗೋಡೆಯನ್ನೇ ನೋಡುತ್ತ ಕೂತಳು. ಆಮೇಲೆ ಕೇಳಿದಳು.

“ಮತ್ತ ಯಾಕಾತು?”

ಇಲ್ಲಿ ನಾನು ಸಿಕ್ಕಿಬಿದ್ದೆ. ಕೆಲವರಲ್ಲಿ ಅದು ವಂಶದಲ್ಲಿ ಬರುತ್ತದೆ. ಬಸುರಿಯ ಊಟದಲ್ಲಿ ಫೋಲಿಕ್ ಆಸಿಡ್ ಕಡಿಮೆ ಆಗಿರಬಹುದು. ತಂಬಾಕಿನಿಂದ, ಮೂರ್ಛೆ ರೋಗದ ಕೆಲವು ಗುಳಿಗೆಗಳಿಂದ ಸಾಧ್ಯತೆ ಜಾಸ್ತಿ ಆಗುತ್ತದೆ. ಆದರೆ ಎಷ್ಟೋ ಕೂಸುಗಳಲ್ಲಿ ಇಂಥದ್ದೇ ಕಾರಣ ಅಂತ ಬೆರಳು ಮಾಡಿ ತೋರಿಸಲು ಡಾಕ್ಟರಿಗೂ ಆಗುವುದಿಲ್ಲ. ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. “ಸುಮ್ನೆ ಆತು ಅಂತೀಯೇನು?” ಅಂದಳು. ನಾನು ತಲೆಯಾಡಿಸಿದೆ.

ಆ ಕ್ಷಣ ನನಗೆ ತಿಳಿದದ್ದು ಇಷ್ಟು. ಸವತಿಕಾಯಿ ಆಕೆಗೆ ಬರೀ ಶಿಕ್ಷೆ ಆಗಿರಲಿಲ್ಲ. ಅದು ಉತ್ತರವೂ ಆಗಿತ್ತು. ಯಾಕಾಯಿತು ಅಂದರೆ ಇದಕ್ಕೆ ಆಯಿತು. ತಪ್ಪು ನನ್ನದೇ ಅಂದುಕೊಂಡರೆ ಎದೆ ಉರಿಯುತ್ತದೆ, ಆದರೆ ಜಗತ್ತು ಸರಿಯಾಗಿಯೇ ನಡೆಯುತ್ತದೆ. ಮುಂದಿನ ಸಲ ಹುಷಾರಾಗಿದ್ದರೆ ಸಾಕು, ಎಲ್ಲ ಸರಿ ಹೋಗುತ್ತದೆ. ಎರಡನೇ ಬಸುರಿನಲ್ಲಿ ಚಿಗವ್ವ ಒಂಬತ್ತು ತಿಂಗಳೂ ಈಳಿಗೆ ಮುಟ್ಟಲಿಲ್ಲವಂತೆ. ಹೆಣ್ಣುಮಗು, ಚೆನ್ನಾಗಿ ಹುಟ್ಟಿತು. ಅಲ್ಲಿಗೆ ಆ ನಂಬಿಕೆ ಕಲ್ಲಿನಂತೆ ಕೂತಿತು. ಈಗ ನಾನು ಬಂದು ಆ ಕಲ್ಲು ಎತ್ತಿದರೆ ಕೆಳಗೆ ಏನೂ ಇಲ್ಲ, ಬರೀ ಟೊಳ್ಳು. ಯಾವ ತಪ್ಪೂ ಮಾಡದ ತಾಯಿಗೆ, ಯಾವ ಕಾರಣವೂ ಇಲ್ಲದೆ ಹೀಗಾಗಬಹುದು ಅನ್ನುವುದನ್ನು ಹೊರುವುದು ತಪ್ಪಿನ ಭಾರಕ್ಕಿಂತ ಕಷ್ಟ. ಜನ ಮೂಢನಂಬಿಕೆಗೆ ಯಾಕೆ ಅಂಟಿಕೊಳ್ಳುತ್ತಾರೆ ಅಂತ ಯಾರಾದರೂ ಕೇಳಿದರೆ ನನಗೆ ಈಗಲೂ ಆಕೆ ಗೋಡೆ ನೋಡುತ್ತ ಕೂತ ಆ ಎರಡು ನಿಮಿಷ ನೆನಪಾಗುತ್ತದೆ.

ಹಾಗಂತ ಅದು ಇರಲಿ ಬಿಡಿ ಅನ್ನಲು ನನ್ನಿಂದಾಗದು. ಆ ಉತ್ತರದ ಬೆಲೆ ಕಟ್ಟಿದ್ದು ಯಾರು? ಇಪ್ಪತ್ತು ವರ್ಷದ ಹಸಿದ ಬಸುರಿ. ಆಕೆಯ ಗಂಡನ ಕಡೆ ಯಾರೂ ಬೆರಳು ತೋರಿಸಲಿಲ್ಲ. ಉಪವಾಸ ಕೆಡವಿದವರನ್ನೂ ಕೇಳಲಿಲ್ಲ. ನಮ್ಮಲ್ಲಿ ಇಂಥ ಉತ್ತರಗಳೆಲ್ಲ ಯಾಕೋ ಹೆಣ್ಣಿನ ಕೈಯ ಹತ್ತಿರವೇ ಬಂದು ನಿಲ್ಲುತ್ತವೆ.

“ಸರಿ ಸ್ವಲ್ಪ” ಅಂದೆ. ಆಕೆ ಸರಿದು ಕೂತಳು. ಬೆಳಕು ಮತ್ತೆ ಮಂಚದ ಮೇಲೆ ಬಿತ್ತು. ಈಗ ಕುಡುಗೋಲು ಮೊದಲಿಗಿಂತ ದಪ್ಪ ಆಗಿತ್ತು, ಜಾಗವೂ ಕೊಂಚ ಸರಿದಿತ್ತು. ಚಿಗವ್ವ ಬಹಳ ಹೊತ್ತು ನೋಡಿದಳು. ಅಷ್ಟು ದೊಡ್ಡ ಗ್ರಹಣ ಊರ ಮೇಲೇ ಹಾದು ಹೋಗಿದ್ದರೂ ಆಕೆ ಒಂದು ಗ್ರಹಣವನ್ನೂ ಕಂಡವಳಲ್ಲ. ಮೆಲ್ಲಗೆ ಕೈ ಚಾಚಿ ಅಂಗೈಯನ್ನು ಅದರ ಕೆಳಗೆ ಹಿಡಿದಳು. ಗೆರೆ ಬಿದ್ದ ಅಂಗೈಯ ನಡುವೆ ಪುಟ್ಟ ಸೂರ್ಯ ಕೂತ. “ಬಿಸಿ ಇಲ್ಲಲ್ಲ” ಅಂದಳು.

ಬಾಗಿಲ ಹತ್ತಿರ ಬಳೆ ಸದ್ದಾಯಿತು. ಅವ್ವ ನಿಂತಿದ್ದಳು. ಎಷ್ಟು ಹೊತ್ತಿಂದ ನಿಂತಿದ್ದಳೋ. ಹಬ್ಬದ ಲೆಕ್ಕ ಕೇಳಿಸಿಕೊಂಡಿದ್ದಳು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. “ನೀ ಹೇಳೂದು ಖರೇ ಇರಬಹುದವಾ. ನನ್ನ ಮಗಳ ಮ್ಯಾಲೆ ಅದನ್ನ ಇಟ್ಟು ನೋಡೋ ಧೈರ್ಯ ನನಗಿಲ್ಲ” ಅಂದಳು. ಆದರೆ ಕೈಯಲ್ಲಿ ಒಂದು ಲೋಟ ನೀರು ಇತ್ತು. ಅದರಲ್ಲಿ ಒಂದು ಎಸಳು ಕರಕಿ ತೇಲುತ್ತಿತ್ತು. ಆಗಿನ್ನೂ ಹತ್ತು ಗಂಟೆ. ನಾನು ಕುಡಿದೆ.

ಸಂಜೆ ಟಿವಿಯಲ್ಲಿ ಕಲಬುರಗಿ ಹತ್ತಿರದ ತಾಜಸುಲ್ತಾನಪುರದ ಸುದ್ದಿ ಬಂತು. ಅಂಗವೈಕಲ್ಯ ಇರುವ ಮಕ್ಕಳನ್ನು ಗ್ರಹಣದ ಹೊತ್ತಲ್ಲಿ ಕುತ್ತಿಗೆ ತನಕ ಮಣ್ಣಲ್ಲಿ ಹೂತಿದ್ದರು. ಹಾಗೆ ಮಾಡಿದರೆ ಕೈಕಾಲು ಸರಿಯಾಗುತ್ತದೆ ಅನ್ನುವ ನಂಬಿಕೆ. ಮಣ್ಣಿನ ಮೇಲೆ ಮಕ್ಕಳ ತಲೆ ಮಾತ್ರ ಕಾಣುತ್ತಿತ್ತು. ಅಪ್ಪ ಸಿಟ್ಟಿನಿಂದ “ಇವರೆಲ್ಲ ಮನುಷ್ಯಾರೇನು” ಅಂದರು. ನನ್ನ ಬಾಯಿಗೂ ಅದೇ ಮಾತು ಬಂದಿತ್ತು. ಚಿಗವ್ವ ಟಿವಿಯಿಂದ ಕಣ್ಣು ತೆಗೆಯದೆ, “ನನಗ ಅವಾಗ ಯಾರರ ಹೇಳಿದ್ರ ನಾನೂ ಹೂಳತಿದ್ದೆ” ಅಂದಳು. ಯಾರೂ ಮಾತಾಡಲಿಲ್ಲ.

ಅದಾಗಿ ಒಂಬತ್ತು ದಿನಕ್ಕೆ, 2020ರ ಜನವರಿ 4ರಂದು, ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ ನಮ್ಮ ರಾಜ್ಯದಲ್ಲಿ ಜಾರಿಗೆ ಬಂತು. ಬೇಕಾಗಿದ್ದ ಕಾಯ್ದೆ. ಹಿಂಸೆಗೆ ಅಂಕುಶ ಬೇಕೇ ಬೇಕು. ಆದರೆ ಮಗುವನ್ನು ಹೂಳಲು ಹೋದ ತಾಯಿಯ ಹತ್ತಿರ ಕೂತು, ಆಕೆಯ ಮಗುವಿಗೆ ಏನಾಗಿದೆ, ಅದರಲ್ಲಿ ಆಕೆಯ ತಪ್ಪೇನೂ ಇಲ್ಲ, ಯಾವ ಚಿಕಿತ್ಸೆಯಿಂದ ಎಷ್ಟು ಸುಧಾರಿಸಬಹುದು ಅಂತ ಆಕೆಯ ಮಾತಲ್ಲೇ ಯಾರಾದರೂ ಹೇಳಿದ್ದರಾ? ಹೇಳಿದ್ದರೆ ಆಕೆ ಮಣ್ಣು ಅಗೆಯುತ್ತಿದ್ದಳಾ?

ಇನ್ನೊಂದು ವಿಷಯ ಆಮೇಲೆ ಓದಿ ಬೆರಗಾದೆ. ಮೆಕ್ಸಿಕೊದಲ್ಲೂ ಬಸುರಿಯರು ಗ್ರಹಣಕ್ಕೆ ಹೆದರುತ್ತಾರೆ, ಅದೂ ಸೀಳು ತುಟಿಯ ಭಯಕ್ಕೇ. ಅಲ್ಲಿ ಕೂಸನ್ನು ಕಾಪಾಡಲು ಹೊಟ್ಟೆಯ ಹತ್ತಿರ ಬಟ್ಟೆಗೆ ಸೇಫ್ಟಿ ಪಿನ್ ಚುಚ್ಚಿಕೊಳ್ಳುತ್ತಾರೆ. ನಮ್ಮಲ್ಲಿ ಮೈಮೇಲೆ ಒಂದು ಪಿನ್ನೂ ಇರಬಾರದು. ಸಮುದ್ರದಾಚೆಯ ಆ ತಾಯಿಗೂ ನನ್ನ ಅವ್ವನಿಗೂ ಭಯ ಒಂದೇ. ಮದ್ದು ಮಾತ್ರ ಉಲ್ಟಾ.

ಫೆಬ್ರವರಿ ಕೊನೆಗೆ ಮಗಳು ಹುಟ್ಟಿದಳು. ನರ್ಸ್ ನನ್ನ ಎದೆಯ ಮೇಲೆ ಮಲಗಿಸಿದಾಗ ನಾನು ಎಲ್ಲಕ್ಕಿಂತ ಮೊದಲು ನೋಡಿದ್ದು ಆಕೆಯ ತುಟಿಯನ್ನೇ.

ಅದೇ ವರ್ಷ ಜೂನ್ 21ರಂದು ಮತ್ತೆ ಸೂರ್ಯಗ್ರಹಣ ಬಂತು. ಭಾನುವಾರ. ಅವತ್ತೇ ಮಣ್ಣೆತ್ತಿನ ಅಮಾವಾಸ್ಯೆ. ಅಣ್ಣ ಹುಟ್ಟಿದ ಅಮಾವಾಸ್ಯೆಗೆ ನಲವತ್ತು ವರ್ಷ ತುಂಬಿತ್ತು. ಸಂಜೆ ಚಿಗವ್ವ ಬೆಟಗೇರಿಯಿಂದ ಫೋನು ಮಾಡಿದಳು. ಪಕ್ಕದ ಮನೆಯ ಸೊಸೆ ಆರು ತಿಂಗಳ ಬಸುರಿ. ಗ್ರಹಣದ ಭಯಕ್ಕೆ ಮುಂಜಾನೆಯಿಂದ ಅಳುತ್ತ ಕೂತಿದ್ದಳಂತೆ. ಚಿಗವ್ವ ಹೋಗಿ ಆಕೆಯ ಹತ್ತಿರ ಕೂತಳಂತೆ.

“ಮುಟ್ಟು ಯಾವಾಗ ನಿಂತಿತ್ತವಾ ಅಂತ ಕೇಳಿದೆ. ಸಂಕ್ರಾಂತಿ ಮುಂದ ಅಂದ್ಲು. ಬೆರಳ ಮಡಚಿ ಎಣಿಸಿ ತೋರಿಸಿದೆ. ಶಿವರಾತ್ರಿ ಆಗಿ ಹೋಳಿ ಬರೂದ್ರಾಗ ನಿನ್ನ ಕೂಸಿನ ತುಟಿ ಕೂಡೇತಿ, ಇನ್ನ ಯಾವ ಗ್ರಾಣಕ್ಕೂ ಬಿಚ್ಚೂದಿಲ್ಲ ಅಂದೆ. ಮಧ್ಯಾಹ್ನ ಹನ್ನೆರಡಕ್ಕ ಉಣ್ಣಾಕ ಹಚ್ಚಿದೆ ಆಕಿನ್ನ. ರೊಟ್ಟಿ, ಬ್ಯಾಳಿ, ಸವತಿಕಾಯಿ.”

“ಸವತಿಕಾಯಿ ಯಾರು ಹೆಚ್ಚಿದ್ರು?” ಅಂತ ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ನಾನ ಹೆಚ್ಚಿದೆ” ಅಂದಳು. “ಆಕಿ ಕೈಯಾಗ ಯಾಕ ಈಳಿಗಿ ಕೊಡೂದು ಅಂತ.”